ತಿಳಿನೀರು ಮತ್ತು ಶುದ್ಧ ನೀರು

ಪಾಂಡವಪುರ ತಾಲ್ಲೂಕಿನ ಚಿನಕುರಳಿಯಂತಹ ಊರುಗಳಲ್ಲಿ ಹುಡುಗರಿಗೆ ಈಜಿನ ಪಾಠಶಾಲೆಯೆಂದರೆ ತೋಟದ ಬಾವಿ. ಸೊಂಟಕ್ಕೆ ಒಣಗಿದ ಸೋರೆಬುರುಡೆಯನ್ನೋ ಕತ್ತಾಳೆಯ ಬೆಂಡನ್ನೋ ಕಟ್ಟಿಕೊಂಡು ಧುಮುಕುವ ಆ ವಿದ್ಯಾರ್ಥಿಗಳಿಗೆ ಶುಲ್ಕವಿಲ್ಲ, ಹಾಜರಿಯಿಲ್ಲ, ಅಣ್ಣಂದಿರೇ ಗುರುಗಳು. ಪಟ್ಟಣದ ಮಕ್ಕಳಾದರೋ ನುಣುಪು ಬಿಲ್ಲೆಗಳನ್ನು ಹಾಸಿದ ನೀಲಿ ಕೊಳಗಳಲ್ಲಿ ಈಜುತ್ತಾರೆ. ನೋಟಕ್ಕೆ ಎಷ್ಟೇ ಭಿನ್ನವಾದರೂ ಇವೆರಡರ ಸ್ವಭಾವ ಒಂದೇ. ಇಲ್ಲಿ ನೀರು ಹರಿಯುವುದಿಲ್ಲ. ಹೊಳೆ ತನ್ನ ಕೊಳೆಯನ್ನು ಮುಂದಕ್ಕೆ ಸಾಗಿಸಿಬಿಡುತ್ತದೆ (ಮುಂದಿನ ಊರಿನವರ ಪಾಡು ಬೇರೆಯ ಮಾತು). ನಿಂತ ನೀರು ತನ್ನಲ್ಲಿ ಇಳಿದವರೆಲ್ಲರ ಬೆವರನ್ನೂ ಮೈಯ ಮಣ್ಣನ್ನೂ ತನ್ನಲ್ಲಿಯೇ ಇರಿಸಿಕೊಳ್ಳುತ್ತದೆ. ಮಧ್ಯಾಹ್ನ ಮಕ್ಕಳು ಈಜಿದ ಬಾವಿಯಿಂದಲೇ ಸಂಜೆ ಯಾರೋ ಕುಡಿಯಲು ಬಿಂದಿಗೆ ತುಂಬಿಕೊಳ್ಳುವುದೂ ಉಂಟು.

ಇಂತಹ ನೀರಿನ ಕೇಡು ಕಣ್ಣಿಗೆ ಕಾಣುವಂತಹುದಲ್ಲ. ತಳದ ಕಲ್ಲನ್ನು ಎಣಿಸಬಹುದಾದಷ್ಟು ತಿಳಿಯಾದ ನೀರಿನಲ್ಲಿಯೂ ಕಾಲರಾ, ವಿಷಮಶೀತಜ್ವರ, ಆಮಶಂಕೆಗಳ ರೋಗಾಣುಗಳು ಇರಬಲ್ಲವು. ಕಲ್ಕತ್ತೆಗೆ ಬಂದಿದ್ದ ಜರ್ಮನಿಯ ವಿಜ್ಞಾನಿ ರಾಬರ್ಟ್ ಕಾಖ್ 1884ರಲ್ಲಿ ಅಲ್ಲಿನ ಕೆರೆಯೊಂದರ ನೀರಿನಲ್ಲಿ ಕಾಲರಾ ರೋಗಾಣುವನ್ನು ಕಂಡನು. ಸುತ್ತಲಿನ ಜನ ಮಿಂದದ್ದು, ಬಟ್ಟೆ ಒಗೆದದ್ದು, ಕುಡಿದದ್ದು ಎಲ್ಲವೂ ಆ ಒಂದೇ ಕೆರೆಯಲ್ಲಿ.

ಈ ಅಗೋಚರ ಶತ್ರುವಿಗೆ ಎದುರಾಗಿ ನಿಂತ ವಸ್ತು ಕ್ಲೋರಿನ್. ಅರಳಿದ ಸುಣ್ಣಕ್ಕೆ ಈ ಅನಿಲವನ್ನು ಹಾಯಿಸಿ ತಯಾರಿಸುವ ಚೆಲುವೆ ಪುಡಿಗೆ ಚಾರ್ಲ್ಸ್ ಟೆನ್ನಂಟ್ 1799ರಲ್ಲಿಯೇ ಸ್ವಾಮ್ಯಪತ್ರ ಪಡೆದಿದ್ದನು. ಆದರೆ ಅದು ಬಹುಕಾಲ ಬಟ್ಟೆಯನ್ನು ಬಿಳುಪು ಮಾಡುವ ಕೆಲಸದಲ್ಲಿಯೇ ತೊಡಗಿತ್ತು. 1908ರಲ್ಲಿ ಅಮೆರಿಕದ ಜರ್ಸಿ ನಗರದ ನೀರಿಗೆ ಜಾನ್ ಲೀಲ್ ಎಂಬ ವೈದ್ಯನು ಅದನ್ನು ಬೆರೆಸಿದಾಗ ವಿಷಯ ನ್ಯಾಯಾಲಯದ ಕಟ್ಟೆ ಹತ್ತಿತು. ಕುಡಿಯುವ ನೀರಿಗೆ ರಾಸಾಯನಿಕವೇ ಎಂಬ ಆ ಶಂಕೆ ನಮ್ಮ ಹಳ್ಳಿಗಳಿಗೂ ಹೊಸದಲ್ಲ. “ಬಾವಿಗೆ ಔಷಧ ಹಾಕಿದ್ದಾರೆ” ಎಂದು ಮೂಗು ಮುರಿದು ಬೇರೆ ಬಾವಿಯನ್ನು ಅರಸಿ ಹೋಗುವವರನ್ನು ನಾನು ಕಂಡಿದ್ದೇನೆ. ಅಂದು ಅಲ್ಲಿನ ನ್ಯಾಯಾಲಯ ಲೀಲನ ಕ್ರಮವನ್ನು ಮನ್ನಿಸಿತು.

ಆದರೆ ಔಷಧವೆಂದ ಮೇಲೆ ಅಳತೆ ಬೇಕಷ್ಟೆ. ಕೈಗೆ ಬಂದಷ್ಟು ಪುಡಿಯನ್ನು ಬಾವಿಗೆ ಎರಚಿ ಕೈತೊಳೆದುಕೊಳ್ಳುವುದು ಚಿಕಿತ್ಸೆಯಲ್ಲ. ದುಂಡು ಬಾವಿಯೊಂದರ ವ್ಯಾಸ 4 ಮೀಟರು, ನೀರಿನ ಆಳ 5 ಮೀಟರು ಎಂದಿಟ್ಟುಕೊಳ್ಳೋಣ. ನೀವು ಗಣಿತದಲ್ಲಿ ಕಲಿತ ಸೂತ್ರದಂತೆ ಅದರಲ್ಲಿ ಸುಮಾರು 62,800 ಲೀಟರು ನೀರಿರುತ್ತದೆ. ಸಾಮಾನ್ಯವಾಗಿ 1,000 ಲೀಟರಿಗೆ 2.5 ಗ್ರಾಂ ಒಳ್ಳೆಯ ಚೆಲುವೆ ಪುಡಿ ಸಾಕು. ಎಂದರೆ ಇಡೀ ಬಾವಿಗೆ 157 ಗ್ರಾಂ! ಹೊಸ ಪುಡಿಯಲ್ಲಿ ನೂರಕ್ಕೆ ಸುಮಾರು 33 ಪಾಲು ಕ್ಲೋರಿನ್ ದೊರೆಯುತ್ತದೆ. ಬಾಯಿ ತೆರೆದ ಚೀಲದಲ್ಲಿ ತಿಂಗಳುಗಟ್ಟಲೆ ತೇವಕ್ಕೆ ಬಿದ್ದಿದ್ದ ಪುಡಿಯಲ್ಲಿ ಸುಣ್ಣವೇ ಮಿಗುತ್ತದೆ.

ಪುಡಿಯನ್ನು ಬಕೆಟ್ಟಿನಲ್ಲಿ ಮೊದಲು ಸ್ವಲ್ಪ ನೀರಿನಿಂದ ಕಲಸಿ, ಬಳಿಕ ಮುಕ್ಕಾಲು ಭಾಗ ನೀರು ತುಂಬಿ ಕದಡಬೇಕು. ಒಂದು ಬಕೆಟ್ಟಿಗೆ 100 ಗ್ರಾಮಿಗಿಂತ ಹೆಚ್ಚು ಹಾಕಬಾರದು. ಆದುದರಿಂದ ನಮ್ಮ ಬಾವಿಗೆ ಎರಡು ಬಕೆಟ್ಟು. ಐದು-ಹತ್ತು ನಿಮಿಷಗಳಲ್ಲಿ ಸುಣ್ಣ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿಯನ್ನು ಮತ್ತೊಂದು ಬಕೆಟ್ಟಿಗೆ ಬಸಿದು, ಅದನ್ನು ಹಗ್ಗದಿಂದ ನೀರಿನೊಳಕ್ಕೆ ಇಳಿಬಿಟ್ಟು, ಮೇಲೆ ಕೆಳಗೆ, ಅತ್ತ ಇತ್ತ ಆಡಿಸಬೇಕು. ತಳದ ಸುಣ್ಣವನ್ನು ಬಾವಿಗೆ ಸುರಿದರೆ ನೀರಿನ ಗಡಸುತನ ಹೆಚ್ಚುತ್ತದೆ. ಅನಂತರ ಕಡೆಯಪಕ್ಷ ಒಂದು ಗಂಟೆ ಯಾರೂ ನೀರು ಸೇದಬಾರದು. ರಾತ್ರಿಯೇ ಈ ಕೆಲಸಕ್ಕೆ ಪ್ರಶಸ್ತ ಕಾಲ.

ಕ್ಲೋರಿನ್ನಿಗೆ ಇದು ರೋಗಾಣು, ಇದು ಕೊಳೆತ ಎಲೆ ಎಂಬ ಭೇದವಿಲ್ಲ. ಎದುರಾದ ಕಶ್ಮಲಗಳೊಡನೆಲ್ಲ ಸೆಣಸಿ ತಾನೂ ಮುಗಿದುಹೋಗುತ್ತದೆ. ಕದಡಿದ ನೀರಿಗೆ ಮೊದಲು ಕಸ ತೆಗೆದು ತಿಳಿಯಾಗಲು ಬಿಡಬೇಕೆನ್ನುವುದು ಇದಕ್ಕಾಗಿಯೇ. ಗಂಟೆ ಕಳೆದ ಮೇಲೂ ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಮದುವೆಯ ಮನೆಯಲ್ಲಿ ಕೊನೆಯ ಪಂಕ್ತಿ ಎದ್ದ ಬಳಿಕ ಕೊಪ್ಪರಿಗೆಯಲ್ಲಿ ಒಂದಿಷ್ಟು ಅನ್ನ ಮಿಕ್ಕಿದ್ದರಲ್ಲವೆ, ಎಲ್ಲರೂ ಹೊಟ್ಟೆತುಂಬ ಉಂಡರೆಂದು ನಂಬುವುದು?

ಕ್ಲೋರಿನ್ನಿಗೆ ಬಗ್ಗದ ಪಿಡುಗುಗಳೂ ಉಂಟು. ಉತ್ತರ ಕರ್ನಾಟಕದ ಮೆಟ್ಟಿಲುಬಾವಿಗಳಿಂದ ಹರಡುತ್ತಿದ್ದ ನಾರುಹುಣ್ಣನ್ನು ನೀಗಿಸಲು ಜನ ನೀರಿಗೆ ಕಾಲಿಡದಂತೆ ಬಾವಿಗಳನ್ನು ಮಾರ್ಪಡಿಸಿ, ನೀರನ್ನು ಬಟ್ಟೆಯಲ್ಲಿ ಸೋಸಿ, ಬೇರೆ ಔಷಧವನ್ನೇ ಬಳಸಬೇಕಾಯಿತು. ಭಾರತದಲ್ಲಿ ಅದರ ಕೊನೆಯ ರೋಗಿ ಕಂಡದ್ದು 1996ರಲ್ಲಿ.

ಈಜುಕೊಳದ ಲೆಕ್ಕ ಬಾವಿಯದಕ್ಕಿಂತ ಕಠಿಣ. ನೂರಾರು ಜನ ಇಳಿಯುವ ಕೊಳದಲ್ಲಿ ಕ್ಲೋರಿನ್ ಸದಾ ಲೀಟರಿಗೆ 1ರಿಂದ 3 ಮಿಲಿಗ್ರಾಮಿನಷ್ಟು ಇರಬೇಕು. ನೀರಿನ ಆಮ್ಲ-ಕ್ಷಾರಗಳ ಮಾನವಾದ ಪಿ.ಎಚ್. 7.2ರಿಂದ 7.8ರ ನಡುವೆ ನಿಲ್ಲಬೇಕು. ಅದು 8ಕ್ಕೆ ಏರಿತೆಂದರೆ ಕ್ಲೋರಿನ್ನಿನ ಸುಮಾರು ಕಾಲು ಭಾಗ ಮಾತ್ರ ರೋಗಾಣುವನ್ನು ಚುರುಕಾಗಿ ಕೊಲ್ಲುವ ರೂಪದಲ್ಲಿರುತ್ತದೆ.

ಕೊಳದ ಬಳಿ ಮೂಗಿಗೆ ಘಾಟು ಬಡಿದು, ಕಣ್ಣು ಉರಿದರೆ “ಕ್ಲೋರಿನ್ ಹೆಚ್ಚಾಯಿತು” ಎನ್ನುವುದು ವಾಡಿಕೆ. ಬಹುಮಟ್ಟಿಗೆ ನಿಜ ಇದಕ್ಕೆ ವಿರುದ್ಧವಾದುದು. ಬೆವರು ಮೂತ್ರಗಳೊಡನೆ ಕ್ಲೋರಿನ್ ಕೂಡಿ ಹುಟ್ಟುವ ಕ್ಲೋರಮೈನುಗಳೇ ಆ ಘಾಟಿಗೆ ಕಾರಣ. ಅಲ್ಲಿ ಹೆಚ್ಚಾಗಿರುವುದು ಕೊಳೆ, ಸಾಲದಿರುವುದು ಕ್ಲೋರಿನ್. ಈಜುವ ಮುನ್ನ ಮೈ ತೊಳೆಯಿರೆಂಬ ಫಲಕವನ್ನು ಓದದವರಂತೆ ದಾಟಿ ನೀರಿಗೆ ಹಾರುವವರಿಗೆ ಇದು ತಿಳಿದಿರಲಾರದು.

ಹಾಗೆ ಕೆಟ್ಟ ಕೊಳವನ್ನು ಸರಿಪಡಿಸುವವರು ಮೊದಲು ಜನರನ್ನು ಹೊರಗಿಟ್ಟು, ತಳದ ಕಸ ತೆಗೆದು, ಶೋಧಕ ಯಂತ್ರವನ್ನು ನಡೆಸಿ, ಪಿ.ಎಚ್. ಹೊಂದಿಸಿ, ಸಂಜೆ ಬಿಸಿಲಿಳಿದ ಮೇಲೆ ಕ್ಲೋರಿನ್ನನ್ನು ಹೆಚ್ಚಿನ ಪ್ರಮಾಣದಲ್ಲಿ ಸೇರಿಸುತ್ತಾರೆ. ಬಿಸಿಲು ಕ್ಲೋರಿನ್ನನ್ನು ಬೇಗ ಕಳೆದುಬಿಡುತ್ತದೆ. ಚೆಲುವೆ ಪುಡಿಗೆ ಆಮ್ಲ ತಗುಲಿದರೆ ವಿಷಾನಿಲ ಏಳುವುದರಿಂದ ಅವೆರಡನ್ನೂ ಒಂದೇ ಪಾತ್ರೆಗೆ ಹಾಕುವುದಿಲ್ಲ. ಬೆಳಗ್ಗೆ ಗಾಜಿನ ನಳಿಕೆಯಲ್ಲಿ ಕೊಳದ ನೀರು ಹಿಡಿದು ಡಿ.ಪಿ.ಡಿ. ಗುಳಿಗೆಯೊಂದನ್ನು ಕರಗಿಸುತ್ತಾರೆ. ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಆ ಬಣ್ಣವನ್ನು ಅಳತೆಯ ಪಟ್ಟಿಯ ಬಣ್ಣಗಳೊಡನೆ ಹೋಲಿಸಿ, ಕ್ಲೋರಿನ್ 3 ಮಿಲಿಗ್ರಾಮಿಗೆ ಇಳಿದುದನ್ನು ಕಂಡ ಮೇಲೆಯೇ ಕೊಳದ ಬಾಗಿಲನ್ನು ತೆರೆಯುತ್ತಾರೆ.