ದುಧಿ ರಸದಿಂದ ತೂಕ ಇಳಿಯುತ್ತದೆಯೇ?



ಮುಂಬಯಿಯ ಅನೇಕ ಉದ್ಯಾನಗಳ ಬಾಗಿಲಲ್ಲಿ ಬೆಳಗ್ಗೆ ಸೋರೆಕಾಯಿ, ಹಾಗಲಕಾಯಿ, ನೆಲ್ಲಿಕಾಯಿ ರಸ ಮಾರುವವರು ಕಾಣಸಿಗುತ್ತಾರೆ. ದುಧಿ ರಸ ಕುಡಿದರೆ ಬೊಜ್ಜು ಕರಗುತ್ತದೆ ಎಂಬ ಮಾತನ್ನು ನಂಬಿ ನಾನೂ ಎರಡು ತಿಂಗಳು ಕುಡಿದೆ. ತೂಕ ಇಳಿಯಲಿಲ್ಲ. ಒಂದು ದಿನ ರಸ ವಿಪರೀತ ಕಹಿಯಾಗಿತ್ತು. ಕಹಿಯಾದದ್ದೇ ಔಷಧವೆಂದು ಮೂಗು ಹಿಡಿದು ಕುಡಿದೆ. ಸ್ವಲ್ಪ ಹೊತ್ತಿನಲ್ಲೇ ವಾಂತಿ, ಭೇದಿ. ಎರಡು ರಾತ್ರಿ ಆಸ್ಪತ್ರೆವಾಸ. ಆಮೇಲೆ ವೈದ್ಯರಿಂದ ಕೇಳಿ, ಓದಿ ತಿಳಿದದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಬೊಜ್ಜನ್ನು ತಾನಾಗಿ ಕರಗಿಸುವ ಹಣ್ಣಾಗಲಿ ತರಕಾರಿಯಾಗಲಿ ಇಲ್ಲ. 100 ಗ್ರಾಂ ಸೋರೆಕಾಯಿಯಲ್ಲಿ ಸುಮಾರು 15 ಕ್ಯಾಲೊರಿ ಮಾತ್ರ. ಅದರಲ್ಲಿ ಬಹುಪಾಲು ನೀರು. ಒಂದು ವಡಾಪಾವ್‌ನಲ್ಲಿ ಸುಮಾರು 300. ವಡಾಪಾವ್ ಬಿಟ್ಟು ಆ ಜಾಗದಲ್ಲಿ ಪಲ್ಯ ತಿಂದರೆ ಲಾಭವಿದೆ. ರಸ ಕುಡಿದು ಅದರ ಮೇಲೆ ವಡಾಪಾವ್ ತಿಂದರೆ ಏನೂ ಇಲ್ಲ. ನಾನು ಮಾಡಿದ್ದು ಅದನ್ನೇ. ರಸ ಸೋಸಿದಾಗ ಹೊಟ್ಟೆ ತುಂಬಿಸುವ ನಾರು ಚರಟದಲ್ಲೇ ಉಳಿಯುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ದಿನಕ್ಕೆ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು ತಿನ್ನಲು ಹೇಳಿದೆ. ಬಸಳೆ, ಅಲಸಂಡೆ, ತೊಂಡೆಕಾಯಿ, ಮುಳ್ಳುಸೌತೆ ಯಾವುದಾದರೂ ಸರಿ. ತೆಂಗಿನಕಾಯಿ, ಎಣ್ಣೆ ಮಿತವಾಗಿರಲಿ.

ಇನ್ನು ಎಚ್ಚರಿಕೆಯ ಮಾತು. ಕಹಿ ಸೋರೆಕಾಯಿಯಲ್ಲಿ ಕುಕುರ್ಬಿಟಾಸಿನ್ ಎಂಬ ವಿಷಕಾರಿ ಅಂಶವಿರುತ್ತದೆ. ಇದರಿಂದ ನಮ್ಮ ದೇಶದಲ್ಲಿ ಸಾವುಗಳೂ ಸಂಭವಿಸಿವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರ ಸಮಿತಿ ಕೊಟ್ಟ ಸಲಹೆ ಸರಳ: ರಸ ತೆಗೆಯುವ ಮೊದಲು ಚಿಕ್ಕ ತುಂಡು ರುಚಿ ನೋಡಿ, ಕಹಿಯಿದ್ದರೆ ಎಸೆಯಿರಿ, ಬೇರೆ ರಸದ ಜೊತೆ ಬೆರೆಸಬೇಡಿ, ಕುಡಿದ ಮೇಲೆ ವಾಂತಿ, ಭೇದಿ, ಹೊಟ್ಟೆನೋವು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಇದಕ್ಕೆ ಪ್ರತಿವಿಷವಿಲ್ಲ.

ಮಧುಮೇಹಿಗಳು ಹಾಗಲಕಾಯಿ ರಸ ನಂಬಿ ಮಾತ್ರೆ ಬಿಡಬಾರದು. ಮಾತ್ರೆಯ ಜೊತೆಗೇ ಕುಡಿದರೆ ಸಕ್ಕರೆ ಅತಿಯಾಗಿ ಇಳಿಯಬಹುದು. ಮೂತ್ರಪಿಂಡದ ತೊಂದರೆ ಇರುವವರು ಧಾರೆಹುಳಿಯನ್ನು ಮುಟ್ಟಲೇಬಾರದು; ಎಳನೀರು, ಹಣ್ಣಿನ ರಸಕ್ಕೂ ವೈದ್ಯರನ್ನು ಕೇಳಬೇಕು.

ಈಗ ಸಂಜೆಯ ತಿಂಡಿ ಬಿಟ್ಟು, ಅನ್ನ ಕಡಿಮೆ ಮಾಡಿ, ಪಲ್ಯ ಹೆಚ್ಚಿಸಿದ್ದೇನೆ, ನಡಿಗೆ ಮುಂದುವರಿದಿದೆ. ಆರು ತಿಂಗಳಲ್ಲಿ ನಾಲ್ಕು ಕಿಲೋ ಇಳಿದಿದೆ.

ನನ್ನ ಆಸ್ಪತ್ರೆಯ ಬಿಲ್ಲನ್ನು ಮಗ ಕಟ್ಟಿದ. ನಮ್ಮ ವೈದ್ಯಕೀಯ ನೆರವು ನಿಧಿಗೆ ಅರ್ಜಿ ಹಾಕುವ ಬಂಧುಗಳಲ್ಲಿ ಅನೇಕರಿಗೆ ಅಂಥ ಆಸರೆ ಇಲ್ಲ. ದಿನವೂ ರಸಕ್ಕೆ ಕೊಡುತ್ತಿದ್ದ ಹಣವನ್ನು ಕೂಡಿಟ್ಟು ತಿಂಗಳ ಕೊನೆಗೆ ನಿಧಿಗೆ ಸಲ್ಲಿಸುತ್ತಿದ್ದೇನೆ. ತಾವೂ ಕೈಜೋಡಿಸಬೇಕೆಂದು ವಿನಂತಿ.