ನೆರವಿಗೆಂದು ಕಥಾಸಂಕಲನ ತರುವವರಿಗೆ

ನೀವು ಹತ್ತು ಹನ್ನೆರಡು ಜನ ಕಥೆಗಾರರು ಸೇರಿ ಒಂದು ಸಂಕಲನ ತರಬೇಕು, ಬಂದ ಹಣವನ್ನು ಮಳೆಗೆ ಗೋಡೆ ಕುಸಿದ ಸರ್ಕಾರಿ ಶಾಲೆಯೊಂದಕ್ಕೆ ಕೊಡಬೇಕು ಎಂದು ಹೊರಟಿದ್ದೀರಿ. ಒಳ್ಳೆಯ ಕೆಲಸ, ಖಂಡಿತ ಮಾಡಿ. ಮನೆಯ ಮುಂದಿನ ಕೋಣೆಯಲ್ಲೇ ಸಣ್ಣದೊಂದು ಪ್ರಕಾಶನ ನಡೆಸಿದವಳು ನಾನು. ಕಾಗದ, ಕರಡು, ಬೈಂಡಿಂಗು, ಅಂಗಡಿಗಳಿಂದ ಬರಬೇಕಾದ ಬಾಕಿ, ಮಂಚದ ಕೆಳಗೆ ಉಳಿದ ಕಟ್ಟುಗಳು, ಎಲ್ಲವನ್ನೂ ಹತ್ತಿರದಿಂದ ಕಂಡಿದ್ದೇನೆ. ಆ ಸಲಿಗೆಯಿಂದ ನಾಲ್ಕು ಮಾತು ಹೇಳುತ್ತೇನೆ, ಕೇಳಿಸಿಕೊಳ್ಳಿ.

ಇಂಥ ಪುಸ್ತಕಗಳು ಸೋಲುವುದು ಹೆಚ್ಚಾಗಿ ಕಥೆ ಆರಿಸುವ ಹೊತ್ತಿನಲ್ಲೇ. ‘ಒಳ್ಳೆಯ ಕೆಲಸಕ್ಕೆ ಒಂದು ಕಥೆ ಕೊಡಿ’ ಎಂದರೆ ಯಾರೂ ಇಲ್ಲ ಎನ್ನುವುದಿಲ್ಲ. ಆದರೆ ಬರುವುದು ಎಂಥ ಕಥೆ? ಪತ್ರಿಕೆಯಿಂದ ಮರಳಿ ಬಂದದ್ದು, ಸ್ಪರ್ಧೆಯಲ್ಲಿ ಯಾರ ಕಣ್ಣಿಗೂ ಬೀಳದ್ದು, ಅರ್ಧಕ್ಕೆ ನಿಂತಿದ್ದನ್ನು ಒಂದೇ ರಾತ್ರಿಯಲ್ಲಿ ಮುಗಿಸಿ ಕಳಿಸಿದ್ದು. ಪುಕ್ಕಟೆ ಕೊಡುತ್ತಿದ್ದೇನಲ್ಲ ಎಂಬ ಸಮಾಧಾನ ಕೊಡುವವರಿಗೆ. ಪುಕ್ಕಟೆ ಕೊಟ್ಟಿದ್ದನ್ನು ಬೇಡವೆನ್ನುವುದು ಹೇಗೆ ಎಂಬ ಸಂಕೋಚ ಪಡೆಯುವವರಿಗೆ. ಇವೆರಡರ ನಡುವೆ ದುಡ್ಡು ಕೊಟ್ಟು ಕೊಳ್ಳುವ ಓದುಗರ ನೆನಪೇ ಯಾರಿಗೂ ಇರುವುದಿಲ್ಲ. ಅವರು ಮೊದಲ ಪುಸ್ತಕವನ್ನು ಕನಿಕರದಿಂದ ಕೊಂಡಾರು. ಮೂರು ಕಥೆ ಓದಿ ಬದಿಗಿಟ್ಟ ಮೇಲೆ ನಿಮ್ಮ ಎರಡನೆಯ ಪುಸ್ತಕವನ್ನು ಕೊಳ್ಳಲಾರರು. ನಿಮ್ಮಂತೆಯೇ ಹೊರಟ ಬೇರೆಯವರ ಪುಸ್ತಕವನ್ನೂ ಕೊಳ್ಳಲಾರರು.

ದಕ್ಷಿಣ ಆಫ್ರಿಕಾದ ನಾಡೀನ್ ಗಾರ್ಡಿಮರ್ 2004ರಲ್ಲಿ ‘ಟೆಲಿಂಗ್ ಟೇಲ್ಸ್’ ಎಂಬ ಸಂಕಲನ ತಂದರು. ಆಕೆಗೆ ನೊಬೆಲ್ ಬಂದು ಆಗಲೇ ಹದಿಮೂರು ವರ್ಷವಾಗಿತ್ತು. ಎಚ್‌ಐವಿ ಪೀಡಿತರ ಚಿಕಿತ್ಸೆಗಾಗಿ ಹೋರಾಡುತ್ತಿದ್ದ ತಮ್ಮ ದೇಶದ ಸಂಘಟನೆಗೆ ಹಣ ಕೂಡಿಸುವುದು ಅವರ ಉದ್ದೇಶ. ಮಾರ್ಕ್ವೆಜ್, ಅಚಿಬೆ, ಸರಮಾಗೊ, ರಶ್ದಿ ಸೇರಿದಂತೆ 21 ಮಂದಿಯ ಕಥೆಗಳು ಅದರಲ್ಲಿದ್ದವು. ಯಾರೂ ಗೌರವಧನ ಪಡೆಯಲಿಲ್ಲ, ಪ್ರಕಾಶಕರೂ ಲಾಭ ಬಿಟ್ಟುಕೊಟ್ಟರು. ನೀವು ಗಮನಿಸಬೇಕಾದದ್ದು ಇಷ್ಟು: ಅವು ಏಡ್ಸ್ ಕುರಿತ ಕಥೆಗಳಲ್ಲ. ಜೀವಮಾನದ ಬರವಣಿಗೆಯಲ್ಲಿ ತಮಗೆ ಚೆನ್ನಾಗಿ ಬಂದಿದೆ ಎನಿಸಿದ್ದನ್ನು ಕೊಡಿ ಎಂದು ಆಕೆ ಕೇಳಿದ್ದರು. ನಿಮ್ಮ ಗುಂಪಿನಲ್ಲಿ ‘ಎಲ್ಲ ಕಥೆಗಳೂ ಮಳೆ, ಪ್ರವಾಹದ ಮೇಲೇ ಇರಲಿ’ ಎಂಬ ಮಾತು ಬಂದಿದೆಯಂತೆ. ಬೇಡ. ನೆರೆ ನೋಡದವರು ನೆರೆಯ ಮೇಲೆ ಅವಸರದಲ್ಲಿ ಬರೆದ ಹನ್ನೆರಡು ಕಥೆಗಳನ್ನು ಓದುವುದು ಕಷ್ಟ. ನೆರೆಯಲ್ಲಿ ಮನೆ ಕಳೆದುಕೊಂಡವರ ಕೈಗೆ ಆ ಪುಸ್ತಕ ಸಿಕ್ಕರೆ ಅವರಿಗೆ ಹೇಗಾಗಬಹುದು ಎಂದೂ ಯೋಚಿಸಿ. ಮುಖಪುಟಕ್ಕೆ ಅಳುವ ಮಗುವಿನ ಚಿತ್ರ ಹಾಕುವ ಆಲೋಚನೆಯಿದ್ದರೆ ಅದನ್ನೂ ಬಿಟ್ಟುಬಿಡಿ.

ಇನ್ನೊಂದು ಉದಾಹರಣೆ. ‘ಪೀಟರ್ ಪ್ಯಾನ್’ ಬರೆದ ಜೆ.ಎಂ. ಬ್ಯಾರಿ 1929ರಲ್ಲಿ ಆ ಕೃತಿಯ ಹಕ್ಕನ್ನೇ ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಗೆ ಕೊಟ್ಟರು. ಹಕ್ಕಿನ ಅವಧಿ ಮುಗಿದ ಮೇಲೂ ಬ್ರಿಟನ್ನಿನಲ್ಲಿ ಆ ಆಸ್ಪತ್ರೆಗೆ ಗೌರವಧನ ಸಲ್ಲುತ್ತಿರಬೇಕು ಎಂದು 1988ರ ಕಾನೂನಿನಲ್ಲಿ ಪ್ರತ್ಯೇಕವಾಗಿ ಬರೆದರು. ಎಷ್ಟು ಹಣ ಬಂತೆಂದು ಹೇಳಕೂಡದು ಎಂಬುದು ಬ್ಯಾರಿಯವರ ಇಚ್ಛೆಯಾಗಿತ್ತು, ಆಸ್ಪತ್ರೆ ಅದನ್ನು ಇವತ್ತಿಗೂ ನಡೆಸಿಕೊಂಡು ಬಂದಿದೆ. ಆ ಕೊಡುಗೆ ಅಷ್ಟು ಕಾಲ ಉಳಿದದ್ದು ಮಕ್ಕಳು ಆ ಕಥೆಯನ್ನು ಓದುತ್ತಲೇ ಬಂದದ್ದರಿಂದ.

ಹಾಗಾಗಿ ಮೊದಲು ಒಬ್ಬ ಸಂಪಾದಕರನ್ನು ನೇಮಿಸಿಕೊಳ್ಳಿ. ಸಂಪಾದಕ ಮಂಡಳಿ ಬೇಡ, ಒಬ್ಬರೇ ಸಾಕು. ‘ಈ ಕಥೆ ಬೇಡ’ ಎನ್ನುವ ಅಧಿಕಾರ ಅವರಿಗೆ ಪೂರ್ತಿ ಇರಲಿ, ನಿಮ್ಮಲ್ಲಿ ಹಿರಿಯರ ಕಥೆಗೂ, ಮುದ್ರಣಕ್ಕೆ ದುಡ್ಡು ಹಾಕಿದವರ ಕಥೆಗೂ. ಹನ್ನೆರಡರ ಬದಲು ಎಂಟೇ ಕಥೆಗಳಾದರೆ ಎಂಟೇ ಇರಲಿ.

ಈಗ ದುಡ್ಡಿನ ಲೆಕ್ಕ. ಇದನ್ನು ನಿಮ್ಮಲ್ಲಿ ಯಾರೂ ಇನ್ನೂ ಹಾಕಿಲ್ಲ ಅನಿಸುತ್ತದೆ. ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ, ನಿಮ್ಮೂರಿನ ದರಕ್ಕೆ ಆಮೇಲೆ ಹೊಂದಿಸಿಕೊಳ್ಳಿ. ಡೆಮಿ 1/8 ಆಕಾರ, 160 ಪುಟ, ಅಂದರೆ ಹದಿನಾರು ಪುಟದ ಹತ್ತು ಫಾರಂ. 500 ಪ್ರತಿ. ಡಿಟಿಪಿ, ಮುಖಪುಟ, ಕಾಗದ, ಮುದ್ರಣ, ಬೈಂಡಿಂಗ್ ಎಲ್ಲ ಸೇರಿ 45,000 ರೂಪಾಯಿ ಆಯಿತೆನ್ನಿ. ಬೆಲೆ 200 ರೂಪಾಯಿ ಇಟ್ಟಿರಿ. ಲೇಖಕರಿಗೆ, ವಿಮರ್ಶೆಗೆ, ಗ್ರಂಥಾಲಯಗಳಿಗೆಂದು 50 ಪ್ರತಿ ಹೋದರೆ ಮಾರಲು ಉಳಿಯುವುದು 450. ಅಷ್ಟನ್ನೂ ಅಂಗಡಿಗೆ ಕೊಟ್ಟು ಅವರು ನೂರಕ್ಕೆ 40 ರಿಯಾಯಿತಿ ಹಿಡಿದರೆ ಪ್ರತಿಯೊಂದಕ್ಕೆ ನಿಮ್ಮ ಕೈಗೆ 120 ರೂಪಾಯಿ ಬರುತ್ತದೆ. ಒಂದೂ ಉಳಿಯದೆ ಮಾರಾಟವಾದರೂ ಒಟ್ಟು 54,000. ಖರ್ಚು ಕಳೆದರೆ ಶಾಲೆಗೆ ಸಿಗುವುದು 9,000 ರೂಪಾಯಿ. ಅದೇ 450 ಪ್ರತಿಗಳನ್ನು ನೀವೇ ಪೂರ್ತಿ ಬೆಲೆಗೆ ಮಾರಿದರೆ 90,000 ಬರುತ್ತದೆ, ಖರ್ಚು ಕಳೆದು 45,000 ಉಳಿಯುತ್ತದೆ. ಮುದ್ರಣದ ಖರ್ಚನ್ನು ಯಾರಾದರೂ ಹೊತ್ತರೆ ಪೂರ್ತಿ 90,000 ಶಾಲೆಯದು. ಪುಸ್ತಕ ಒಂದೇ, ಮಾರುವ ದಾರಿ ಮಾತ್ರ ಬೇರೆ.

ಆದ್ದರಿಂದ ಅಚ್ಚಿಗೆ ಕಳಿಸುವ ಮುಂಚೆಯೇ ಮುಂಗಡ ಪಟ್ಟಿ ಬರೆಯಿರಿ. ನಮ್ಮಲ್ಲಿ ಇದು ಹೊಸದಲ್ಲ. ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲೆ ಶುರುಮಾಡಿ ಚಂದಾದಾರರನ್ನು ನೆಚ್ಚಿಕೊಂಡೇ ಅದನ್ನು ಬೆಳೆಸಿದರು. ಓದುಗರ ಹೆಸರು, ಊರು ಗೊತ್ತಿದ್ದು ಪುಸ್ತಕ ಮಾಡುವುದಕ್ಕೂ ಯಾರಾದರೂ ಕೊಂಡಾರೆಂದು ಮಾಡುವುದಕ್ಕೂ ಬಹಳ ವ್ಯತ್ಯಾಸವಿದೆ. 200 ಜನ ಮುಂಗಡ ಕೊಟ್ಟರೆ 250 ಅಚ್ಚು ಹಾಕಿಸಿ. ಡಿಜಿಟಲ್ ಮುದ್ರಣ ಇರುವ ಈ ಕಾಲದಲ್ಲಿ ಬೇಕಾದಾಗ ಮತ್ತೆ ಹಾಕಿಸಬಹುದು. ಸರ್ಕಾರಿ ಗ್ರಂಥಾಲಯಗಳ ಸಗಟು ಖರೀದಿಗೆ ಪುಸ್ತಕ ಆಯ್ಕೆಯಾದರೆ ಸಂತೋಷ, ಆದರೆ ಆ ಹಣವನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಡಿ.

‘ಈ ಪುಸ್ತಕದ ಲಾಭವೆಲ್ಲ ಶಾಲೆಗೆ’ ಎಂದು ಬೆನ್ನಿಗೆ ಅಚ್ಚು ಹಾಕಿಸುವುದೂ ನನಗೆ ಒಪ್ಪಿಗೆಯಿಲ್ಲ. ಲಾಭ ಎಷ್ಟೆಂದು ಓದುಗರಿಗೆ ಹೇಗೆ ತಿಳಿಯಬೇಕು? ತಾವು ಕೊಟ್ಟ 200 ರೂಪಾಯಿಯೂ ಶಾಲೆಗೆ ಹೋಯಿತೆಂದೇ ಅವರು ನಂಬುತ್ತಾರೆ. ‘ಮಾರಾಟವಾದ ಪ್ರತಿಯೊಂದು ಪುಸ್ತಕದಿಂದ 80 ರೂಪಾಯಿ ಶಾಲೆಗೆ ಸಲ್ಲುತ್ತದೆ’ ಎಂದು ಮೊತ್ತ ಬರೆಯಿರಿ. ಚಿಕ್ಕದೆನಿಸಿದರೂ ಆ ಮಾತನ್ನು ಉಳಿಸಿಕೊಳ್ಳಬಹುದು.

ಯಾವುದಕ್ಕೆ ಕೊಡುವುದೆಂಬುದರಲ್ಲೂ ಪುಸ್ತಕದ ವೇಗ ನೆನಪಿರಲಿ. 2011ರ ಮಾರ್ಚಿನಲ್ಲಿ ಜಪಾನಿನಲ್ಲಿ ಭೂಕಂಪ, ಸುನಾಮಿ ಆದಾಗ ಟ್ವಿಟರ್ ಮೂಲಕ ಬರಹಗಳನ್ನು ಕೂಡಿಸಿ ಒಂದು ವಾರದಲ್ಲಿ ಪುಸ್ತಕ ಸಿದ್ಧಪಡಿಸಿದವರಿದ್ದಾರೆ. ಅದು ಮೊದಲು ಇ-ಪುಸ್ತಕವಾಗಿ ಬಂತು, ಹಣ ರೆಡ್‌ಕ್ರಾಸ್‌ಗೆ ಹೋಯಿತು. ನಿಮ್ಮದು ಅಚ್ಚಿನ ಪುಸ್ತಕ. ಕಥೆ ಕೂಡಿಸಿ, ಕರಡು ತಿದ್ದಿ, ಅಚ್ಚಾಗಿ, ಮಾರಾಟವಾಗಿ ಹಣ ಕೈಸೇರುವಷ್ಟರಲ್ಲಿ ಆರು ತಿಂಗಳು ಹಿಡಿಯಬಹುದು. ಅಕ್ಕಿ, ಕಂಬಳಿ, ಔಷಧಿಗೆ ಅಷ್ಟು ಹೊತ್ತು ಕಾಯಲಾಗುವುದಿಲ್ಲ, ಅದಕ್ಕೆ ನಿಮ್ಮ ಜೇಬಿನಿಂದ ಇವತ್ತೇ ಕೊಡಿ. ಪುಸ್ತಕದ ಹಣ ಇರುವುದು ಪತ್ರಿಕೆಗಳು ಮರೆತ ಮೇಲೆ ಉಳಿಯುವ ಕೊರತೆಗೆ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದು ಮನೆ ಕಳೆದುಕೊಂಡ ಎಷ್ಟೋ ಕುಟುಂಬಗಳು ಹೊಸ ಮನೆಗೆ ಕಾಲಿಡುವಷ್ಟರಲ್ಲಿ ವರ್ಷಗಳು ಕಳೆದಿದ್ದವು. ನೀವು ಶಾಲೆಯನ್ನು ಆರಿಸಿಕೊಂಡದ್ದು ಸರಿಯಾಗಿದೆ. ಆದರೆ ಏನು ಬೇಕೆಂದು ಮುಖ್ಯ ಶಿಕ್ಷಕರನ್ನು, ಶಾಲೆಯ ಅಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿಯವರನ್ನು ಹೋಗಿ ಕೇಳಿ. ನಾವು ಬರೆಯುವವರಾದ್ದರಿಂದ ಎಲ್ಲ ಶಾಲೆಗೂ ಪುಸ್ತಕದ ಕಪಾಟೇ ಬೇಕೆಂದುಕೊಳ್ಳುತ್ತೇವೆ. ಅವರಿಗೆ ಹೆಣ್ಣುಮಕ್ಕಳ ಶೌಚಾಲಯಕ್ಕೆ ಬಾಗಿಲು ಬೇಕಾಗಿದ್ದೀತು.

ಹಣ ಹೋಗುವ ದಾರಿ ಮೊದಲ ದಿನವೇ ನಿಶ್ಚಯವಾಗಲಿ. ಒಬ್ಬರ ಫೋನಿನ ಕ್ಯೂಆರ್ ಕೋಡಿಗೆ ಎಲ್ಲರ ಹಣ ಬೀಳುವುದು ಬೇಡವೇ ಬೇಡ, ಆತ ಎಷ್ಟೇ ಪ್ರಾಮಾಣಿಕನಾಗಿರಲಿ. ಇಬ್ಬರ ಸಹಿ ಬೇಕಾಗುವ ಪ್ರತ್ಯೇಕ ಖಾತೆ ತೆರೆಯಿರಿ. ಟ್ರಸ್ಟ್ ಒಂದರ ಮೂಲಕ ಕೊಡುವುದಾದರೆ ಅದರ ನೋಂದಣಿ ಪತ್ರ ಕೇಳಿ ನೋಡಿ, ಕೇಳಲು ಸಂಕೋಚಪಡಬೇಡಿ. ಪುಸ್ತಕ ಕೊಂಡವರಿಗೆ ತೆರಿಗೆ ವಿನಾಯಿತಿ ಸಿಗುವುದಿಲ್ಲ, ಅವರು ಕೊಟ್ಟದ್ದು ಪುಸ್ತಕದ ಬೆಲೆ. ಹೊರದೇಶದಲ್ಲಿರುವ ಕನ್ನಡಿಗರು ಪುಸ್ತಕದ ಬೆಲೆಗಿಂತ ಹೆಚ್ಚು ಕಳಿಸುತ್ತೇವೆ ಎನ್ನಬಹುದು. ಅಲ್ಲಿನ ಪೌರತ್ವ ಪಡೆದವರ ದೇಣಿಗೆಯನ್ನು 2010ರ ವಿದೇಶಿ ದೇಣಿಗೆ ಕಾಯ್ದೆಯ ಪ್ರಕಾರ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದ ಸಂಸ್ಥೆ ಪಡೆಯುವಂತಿಲ್ಲ. ಲೆಕ್ಕಪರಿಶೋಧಕರೊಬ್ಬರನ್ನು ಕೇಳದೆ ಅಂಥ ಹಣ ಮುಟ್ಟಬೇಡಿ.

ಕಥೆಗಾರರಿಂದ ಒಂದು ಪುಟದ ಒಪ್ಪಿಗೆ ಪತ್ರ ಪಡೆಯಿರಿ. ಹಕ್ಕು ಕಥೆಗಾರರದೇ, ಈ ಸಂಕಲನಕ್ಕೆ ಮಾತ್ರ ಅನುಮತಿ, ಎಷ್ಟು ವರ್ಷಕ್ಕೆ, ಇ-ಪುಸ್ತಕ ಮತ್ತು ಆಡಿಯೋಗೆ ಇದು ಅನ್ವಯಿಸುತ್ತದೆಯೇ, ಇಷ್ಟು ಅದರಲ್ಲಿರಲಿ. 1957ರ ಕೃತಿಸ್ವಾಮ್ಯ ಕಾಯ್ದೆ ಹಕ್ಕಿನ ಇಂಥ ವ್ಯವಹಾರ ಬರಹದಲ್ಲಿರಬೇಕು ಎನ್ನುತ್ತದೆ. ಅವಧಿ ಹೇಳದಿದ್ದರೆ ಐದು ವರ್ಷವೆಂದೇ ಎಣಿಸುತ್ತದೆ. ಹಿರಿಯ ಕಥೆಗಾರರದೊಂದು ಕಥೆ ಸೇರಿಸುವ ಆಸೆಯಿದ್ದರೆ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆಂಬುದು ತಿಳಿದಿರಲಿ. 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರ ಕಥೆಯನ್ನು ಸೇರಿಸಬಹುದು. 1986ರಲ್ಲಿ ತೀರಿಕೊಂಡ ಮಾಸ್ತಿಯವರ ಕಥೆ ಬೇಕಾದರೆ 2046ರ ಕೊನೆಯವರೆಗೂ ಹಕ್ಕುದಾರರ ಅನುಮತಿ ಬೇಕು. ಐಎಸ್‌ಬಿಎನ್ ಉಚಿತವಾಗಿ ಸಿಗುತ್ತದೆ, ಅರ್ಜಿ ಬೇಗ ಹಾಕಿ.

ನನಗೆ ಮನಸ್ಸಿಗೆ ಹತ್ತಿರದ ಒಂದು ವಿಷಯವಿದೆ. ನಿಮ್ಮ ಕಥೆಗಳು ಬರುವುದು ನಾಲ್ಕು ಬಗೆಯಲ್ಲಿ: ಒಂದು ‘ನುಡಿ’ ತಂತ್ರಾಂಶದಲ್ಲಿ, ಒಂದು ‘ಬರಹ’ ತಂತ್ರಾಂಶದಲ್ಲಿ, ಒಂದು ವಾಟ್ಸ್ಯಾಪಿನಲ್ಲಿ ಯೂನಿಕೋಡಾಗಿ, ಇನ್ನೊಂದು ಕೈಬರಹದ ಫೋಟೊ. ಇವನ್ನೆಲ್ಲ ಒಂದೇ ಫಾಂಟಿಗೆ ಪರಿವರ್ತಿಸುವಾಗ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹಾರಿರುತ್ತದೆ, ಒತ್ತಕ್ಷರ ಬಿಟ್ಟುಹೋಗಿರುತ್ತದೆ, ಉದ್ಧರಣ ಚಿಹ್ನೆ ಚೌಕವಾಗಿ ಕೂತಿರುತ್ತದೆ. ಇದನ್ನೆಲ್ಲ ಕಣ್ಣು ನೋಯಿಸಿಕೊಂಡು ಸರಿಮಾಡುವವರು ಡಿಟಿಪಿ ಮಾಡುವವರು, ಕರಡು ತಿದ್ದುವವರು. ಒಂದು ಸಂಕಲನದ ಕೆಲಸದಲ್ಲಿ, ‘ಒಳ್ಳೆಯ ಕೆಲಸವಲ್ಲವೇ, ನಿಮ್ಮದೂ ಸೇವೆ ಇರಲಿ’ ಎಂದು ಡಿಟಿಪಿ ಮಾಡಿದ ಹೆಣ್ಣುಮಗಳಿಗೆ ಸಂಘಟಕರು ಹಣವನ್ನೇ ಕೊಡದ್ದನ್ನು ಕಂಡಿದ್ದೇನೆ. ಆಕೆಗೆ ಮನೆ ನಡೆಯುವುದೇ ಆ ಪುಟದ ಲೆಕ್ಕದ ದುಡ್ಡಿನಲ್ಲಿ. ದಾನ ಮಾಡುವುದಾದರೆ ನಿಮ್ಮದನ್ನು ಮಾಡಿ, ನಿಮ್ಮ ಕಥೆ, ನಿಮ್ಮ ಹೊತ್ತು, ನಿಮ್ಮ ಗೌರವಧನ. ಇನ್ನೊಬ್ಬರ ಕೂಲಿಯನ್ನು ದಾನವೆಂದು ಬರೆದುಕೊಳ್ಳಬೇಡಿ. ಅವರಿಗೆ ಪೂರ್ತಿ ದರ ಕೊಡಿ, ಹೆಸರನ್ನೂ ಪುಸ್ತಕದಲ್ಲಿ ಹಾಕಿ. ಅವರಾಗಿಯೇ ಬಿಟ್ಟುಕೊಟ್ಟರೆ ಆ ಮಾತು ಬೇರೆ.

ಬಿಡುಗಡೆ ಸಮಾರಂಭಕ್ಕೆ ಸಭಾಂಗಣದ ಬಾಡಿಗೆ, ಹಾರ, ಶಾಲು, ಸ್ಮರಣಿಕೆ ಎಂದು ಖರ್ಚು ಮಾಡಿದರೆ ಮೇಲಿನ ಲೆಕ್ಕದ 9,000 ಅಲ್ಲಿಗೇ ಮುಗಿಯುತ್ತದೆ. ಆ ಶಾಲೆಯ ಅಂಗಳದಲ್ಲೇ ಮಾಡಿ. ಮಕ್ಕಳನ್ನು ಮಾತ್ರ ಸಾಲಾಗಿ ನಿಲ್ಲಿಸಿ ಕೈಮುಗಿಸಬೇಡಿ. ಅವರ ಮುಂದೆ ಒಂದು ಕಥೆ ಓದಿ.

ಒಂದು ವರ್ಷವಾದ ಮೇಲೆ ಲೆಕ್ಕ ಪ್ರಕಟಿಸಿ. ಎಷ್ಟು ಅಚ್ಚಾಯಿತು, ಎಷ್ಟು ಮಾರಾಟವಾಯಿತು, ಎಷ್ಟು ಉಳಿದಿದೆ, ಯಾರಿಗೆ ಎಷ್ಟು ಕೊಟ್ಟಿರಿ, ರಸೀದಿ ಯಾವುದು, ಎಲ್ಲವನ್ನೂ. ಮೊತ್ತ ಸಣ್ಣದಾಗಿದ್ದರೆ ಸಣ್ಣದೆಂದೇ ಹೇಳಿ. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿ ಮಾಡಿಸಿ ದಾನ ಮಾಡಿದಳು. ಅಷ್ಟು ಅನುಕೂಲ ನಮಗಿಲ್ಲ. ಇನ್ನೂರೈವತ್ತು ಪ್ರತಿ ಮಾರಿ ಒಂದು ಶಾಲೆಯ ಬಾಗಿಲಿಗೋ ಬೆಂಚಿಗೋ ಆಗುವಷ್ಟು ಕೊಟ್ಟರೂ ಅದು ನಿಜವಾದ ನೆರವು, ನೀವು ನಾಚಿಕೊಳ್ಳಬೇಕಾದದ್ದಿಲ್ಲ.

ಸಂಪಾದಕರು ಯಾರೆಂದು ಈ ವಾರವೇ ತೀರ್ಮಾನಿಸಿ, ಶಾಲೆಗೆ ಹೋಗಿ ಮಾತಾಡಿ ಬನ್ನಿ. ಕೊನೆಯ ಕರಡನ್ನು ನನಗೂ ಕಳಿಸಿ, ಓದಿ ತಿದ್ದಿಕೊಡುತ್ತೇನೆ. ಮುಂಗಡ ಪಟ್ಟಿ ತೆರೆದ ದಿನ ನನ್ನ ಹೆಸರಿಗೆ ಹತ್ತು ಪ್ರತಿ ಬರೆದುಕೊಳ್ಳಿ, ಪೂರ್ತಿ ಬೆಲೆಗೆ.