ನಾಯಿಯ ಕೊರಳಪಟ್ಟಿ: ವಾರಕ್ಕೊಮ್ಮೆ ಬಿಚ್ಚಿ ನೋಡಿ

ಎತ್ತಿನ ಮೂಗುದಾರ ಸವೆದರೆ ಅಂದೇ ಬದಲಿಸುತ್ತೇವೆ. ಹೊಲ, ಬಣವಿ, ಕುರಿ ಕಾಯುವ ನಾಯಿಯ ಕೊರಳಪಟ್ಟಿ ಮಾತ್ರ ಒಮ್ಮೆ ಕಟ್ಟಿದರೆ ಹರಿಯೋತನಕ ಅದೇ. ಸಡಿಲಾದರೆ ನಾಯಿ ಕಳಚಿಕೊಂಡು ಹೋಗತದ. ಬಿಗಿಯಾದರೆ ಕೊರಳು ಕೊಯ್ದು ಗಾಯ ಆಗತದ. ಆ ಗಾಯಕ್ಕೆ ನೊಣ ಕೂತು ಹುಳ ಬಿದ್ದರೆ ನಾಯಿ ಉಳಿಯೋದು ಕಷ್ಟ.

ಅಳತೆ: ಪಟ್ಟಿಯೊಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು, ಆದರೆ ಜಗ್ಗಿದರೆ ತಲೆಯಿಂದ ಜಾರಬಾರದು. ಮುಧೋಳ ನಾಯಿ ಸಾಕುವವರಿಗೆ ಇದೇ ತೊಡಕು. ಅದರ ಕೊರಳು ಉದ್ದ, ತಲೆ ಸಣ್ಣ. ನಾಯಿ ಹಿಂದಕ್ಕೆ ಸರಿದರೆ ಸಾಮಾನ್ಯ ಪಟ್ಟಿ ಕಳಚಿ ಬರತದ. ಹಾಗಂತ ಸಣ್ಣ ಪಟ್ಟಿಯನ್ನೇ ಬಿಗಿದರೆ ಉಸಿರಿಗೆ ತ್ರಾಸು. ಬೆಳೆದ ನಾಯಿಗೆ ಒಂದೂವರೆಯಿಂದ ಎರಡು ಇಂಚು ಅಗಲದ ಮೆತ್ತನ್ನ ಪಟ್ಟಿಯನ್ನು ಕಿವಿಯ ಹಿಂದೆ, ಕೊರಳಿನ ಮೇಲ್ಭಾಗಕ್ಕೆ ಹಾಕಿರಿ. ಮುಧೋಳ ಹತ್ತಿರ ತಿಮ್ಮಾಪುರದಲ್ಲಿ ಬೀದರ ಪಶು ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆ. ಈ ತಳಿಯ ಬಗ್ಗೆ ಅಲ್ಲಿ ಕೇಳಿ ತಿಳಿಯಬಹುದು.

ಮರಿ ಬೇಗ ಬೆಳೆಯತದ, ಪಟ್ಟಿ ಬೆಳೆಯೋದಿಲ್ಲ. ಎಂಟು ದಿನಕ್ಕೊಮ್ಮೆ ಬೆರಳು ಹಾಕಿ ನೋಡಿ, ಬೇಕಾದರೆ ಒಂದು ತೂತು ಸಡಿಲಿಸಿ. ತಂತಿ, ಸಣ್ಣ ನೈಲಾನ್ ಹಗ್ಗ, ಜಗ್ಗಿದಷ್ಟೂ ಬಿಗಿಯುವ ಜೀರುಗುಣಿಕೆ ಯಾವ ನಾಯಿಗೂ ಬೇಡ.

ತೊಗಲು, ನೈಲಾನ್: ಮಳೆಗೆ ತೊಯ್ದ ತೊಗಲನ್ನು ಒಲೆಯ ಮುಂದೆ ಇಲ್ಲವೆ ಬಿಸಿಲಿಗೆ ಇಟ್ಟರೆ ಸೆಟೆದು ಸೀಳತದ. ಒದ್ದೆ ಅರಿವೆಯಿಂದ ಮಣ್ಣು, ಜಿಡ್ಡು ಒರೆಸಿ, ನೆರಳಿಗೆ ಒಣಗಿಸಿ, ಎರಡು ಹನಿ ಔಡಲ ಎಣ್ಣೆ ತಿಕ್ಕಿರಿ. ಕುಸುಬಿ ಎಣ್ಣೆ ಗಾಳಿಗೆ ಒಣಗಿ ಅಂಟಾಗಿ ಧೂಳು ಹಿಡಿಯತದ, ಅದು ಬೇಡ. ನೈಲಾನ್ ಪಟ್ಟಿಯನ್ನು ಸಾಬೂನು ನೀರಿನಲ್ಲಿ ತೊಳೆದು, ಸಾಬೂನು ಉಳಿಯದಂತೆ ಜಾಲಿಸಿ, ಪೂರ್ತಿ ಒಣಗಿದ ಮೇಲೆ ಕಟ್ಟಿರಿ. ಹೊಲಿಗೆ ಬಿಟ್ಟಿದ್ದರೆ ಹೊಲಿಸಿರಿ.

ಉಣ್ಣಿ: ಪಟ್ಟಿಯ ಕೆಳಗೆ ಉಣ್ಣಿ ಅಡಗತಾವು. ಅವುಗಳಿಗಂತ ಬೆಳೆಗೆ ಹೊಡೆಯುವ ಔಷಧವನ್ನು ಪಟ್ಟಿಗೆ ಹಚ್ಚಲೇಬೇಡಿ. ನಾಯಿ ನೆಕ್ಕಿದರೂ ವಿಷ, ಚರ್ಮದಿಂದಲೂ ಒಳಗೆ ಇಳಿಯತದ. ನಾಯಿಗೆ ಹಾಕುವ ಔಷಧವೇ ಬೇರೆ ಇರತದ, ಪಶು ಡಾಕ್ಟರನ್ನು ಕೇಳಿರಿ. ಕೊರಳಿಗೆ ಗಾಯ ಕಂಡರೆ ಪಟ್ಟಿ ತೆಗೆದಿಟ್ಟು ಅಂದೇ ಪಶು ಆಸ್ಪತ್ರೆಗೆ ಒಯ್ಯಿರಿ.

ಸರಪಳಿ, ಹಗ್ಗ: ಸರಪಳಿಯ ಒಂದು ತುದಿಗೆ ತಿರುಗುವ ಕೊಂಡಿ ಇರಬೇಕು. ಇಲ್ಲದಿದ್ದರೆ ನಾಯಿ ಸುತ್ತಿದಂತೆ ಸರಪಳಿ ಮುರಿಗಿ ಬಿದ್ದು ಗಿಡ್ಡಾಗತದ, ನೀರಿನ ಬೋಗುಣಿ ಮುಟ್ಟೋದಿಲ್ಲ. ಕೊಂಡಿಗೆ ತಿಂಗಳಿಗೊಮ್ಮೆ ಒಂದು ಹನಿ ಎಣ್ಣೆ ಬಿಡಿ. ಸವೆದ ಕೊಂಡಿಯನ್ನು ಹರಿಯೋತನಕ ಕಾಯದೆ ಬದಲಿಸಿ.

ತುಕ್ಕು ಹಿಡಿದ ಕೊಂಡಿ ದಿನಾ ತೊಂದರೆ ಕೊಡೋದಿಲ್ಲ, ಅವಸರದಾಗ ಕೊಡತದ. 2019ರ ಆಗಸ್ಟದಲ್ಲಿ ಘಟಪ್ರಭಾ ಉಕ್ಕಿ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಹಳ್ಳಿಗಳಿಗೆ ನೀರು ಹೊಕ್ಕಿತು. ಹೊಳಿ ನೀರು ಬರಲಿ, ಬಣವಿಗೆ ಬೆಂಕಿ ಬೀಳಲಿ, ಕಟ್ಟಿದ ಪ್ರಾಣಿಗೆ ಓಡಲು ದಾರಿ ಇಲ್ಲ. ಆದ್ದರಿಂದ ಸರಪಳಿಯನ್ನು ಗೂಟಕ್ಕೆ ತಂತಿಯಿಂದ ಬಿಗಿಯಬೇಡಿ. ಹಗ್ಗವಾದರೆ ಒಂದೇ ಸಲ ಜಗ್ಗಿದರೆ ಬಿಚ್ಚುವ ಗಂಟು ಹಾಕಿರಿ. ಕತ್ತಲಲ್ಲಿ, ಒಂದೇ ಕೈಯಿಂದ ಬಿಚ್ಚಲು ಮನೆಯ ಹೆಣ್ಣುಮಕ್ಕಳಿಗೂ ಹುಡುಗರಿಗೂ ಬರಬೇಕು. ಮಳೆಗಾಲಕ್ಕೆ ಮುಂಚೆ ಒಂದು ಸಂಜೆ ಬಿಚ್ಚಿಸಿ ನೋಡಿರಿ.